ಅಳಲು ಬಂದವಳು

ಎರಡು ನೆರೆದೇಶಗಳ ಹೊಸ ಒಪ್ಪಂದದಂತೆ, ಉಗ್ರರು ಗಡಿ ದಾಟಿ ಬಂದು ಬಾಂಬ್ ಸಿಡಿಸಿದರೆ, ಸತ್ತವರ ಮನೆಗೆ ಆ ಉಗ್ರರ ದೇಶ ಸಂತಾಪ ಹೇಳಲು ಒಬ್ಬರನ್ನು ಕಳಿಸಬೇಕಿತ್ತು. ಬಸ್ ಸ್ಫೋಟದಲ್ಲಿ ಗಂಡನನ್ನು ಕಳೆದುಕೊಂಡ ಬೀದರಿನ ಮಹಾನಂದಾಳ ಮನೆಗೆ ಗುಲನಾರ್ ಎಂಬ ಮುದುಕಿ ಬಂದಳು. ಜೊತೆಗೆ ಎರಡೂ ದೇಶಗಳ ಅಧಿಕಾರಿಗಳು. ಮುದುಕಿ ಅಚ್ಚಾದ ಹಾಳೆ ಓದಿದಳು. ಕೊರಳಲ್ಲಿದ್ದ ಅನುವಾದ ಯಂತ್ರ ಅದನ್ನು ಕನ್ನಡದಲ್ಲಿ ಹೇಳಿತು.

"ನಮ್ ಸಂಕಟ ನಿಮಗೇನ್ ಗೊತ್ತದ್ರಿ?" ಎಂದು ಮಹಾನಂದಾ ಸಿಡುಕಿದಳು.

"ನನ್ನ ಮಗನೂ ಬಾಂಬಿಗೇ ಹೋದನಮ್ಮ."

"ನಮ್ ಕಡಿಂದ ಯಾರ್ ಬಂದಿದ್ರು?"

"ಯಾರೂ ಇಲ್ಲ. ಸಿಡಿದದ್ದು ಗ್ಯಾಸ್ ಸಿಲಿಂಡರ್ ಎಂದಿತು ನಿಮ್ಮ ಸರ್ಕಾರ."

ಮಹಾನಂದಾ ಎದ್ದು ಮುದುಕಿಯನ್ನು ತಬ್ಬಿಕೊಂಡಳು. ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು. ಒಪ್ಪಂದದಲ್ಲಿ ಇದಕ್ಕೆ ಅವಕಾಶವಿರಲಿಲ್ಲ, ಅಧಿಕಾರಿಗಳು ಗಾಬರಿಯಾದರು. ಸಂಜೆಯೊಳಗೆ ಎರಡೂ ದೇಶಗಳು ಮೊಟ್ಟಮೊದಲ ಬಾರಿಗೆ ಜಂಟಿ ಹೇಳಿಕೆ ಹೊರಡಿಸಿ, ಆ ಅಳುವನ್ನು ಉಗ್ರವಾಗಿ ಖಂಡಿಸಿದವು.