ಐತವಾರದ ಕುರ್ಚಿ

ಹೊನ್ನ ಬೆಲ್ಲ ಹಂಚುತ್ತಿದ್ದಾನೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬಷೀರ್ ತನ್ನ ಬಸ್ಸನ್ನು ನಡುಬೀದಿಯಲ್ಲೇ ನಿಲ್ಲಿಸಿ ಕೆಳಗೆ ಧುಮುಕಿದ.

“ಯಾರಿಗೆ ಹಂಚ್ತಿದಾನೆ?”

“ಸಿಕ್ಕಿದೋರಿಗೆಲ್ಲ,” ಎಂದಳು ನಾಗಿ. ಅವಳು ಸಿರ್ಸಿ ಪೇಟೆಯಲ್ಲಿ ಹೂ ಮಾರುವವಳು. ಹೂವಿಗಿಂತ ಸುದ್ದಿಯೇ ಅವಳಲ್ಲಿ ತಾಜಾ. “ಬೆಲ್ಲ ಕೊಟ್ಟು, ‘ಬಷೀರ್ ಸಾಹೇಬ್ರಂಥ ದೊಡ್ಡ ಮನುಷ್ಯ ಈ ತಾಲೂಕಲ್ಲೇ ಇಲ್ಲ’ ಅಂತಾನೂ ಹೇಳ್ತಿದಾನ್ರಿ.”

ಬಷೀರನ ಮೀಸೆ ನಡುಗಿತು. “ಲಫಂಗ! ನನ್ನನ್ನೇ ಹೊಗಳ್ತಾನಾ? ಮಾಡ್ತೀನಿ ಅವನಿಗೆ!”

ಇಷ್ಟಕ್ಕೆಲ್ಲ ಮೂಲ ಒಂದು ಕುರ್ಚಿ. ವಿಶ್ವವಿದ್ಯಾಲಯದ ಸಾರ್ವಜನಿಕ ವ್ಯವಹಾರ ವಿಭಾಗದವರು ವರ್ಷಕ್ಕೊಮ್ಮೆ ಸಿರ್ಸಿಗೆ ಪ್ರೊಫೆಸರರನ್ನು ಕಳಿಸಿ ವ್ಯಾಖ್ಯಾನ ಮಾಡಿಸುತ್ತಿದ್ದರು. ವ್ಯಾಖ್ಯಾನ ಅಂದ ಮೇಲೆ ಅಧ್ಯಕ್ಷರು ಬೇಕು. ಅಧ್ಯಕ್ಷರೆಂದ ಮೇಲೆ ವೇದಿಕೆಯ ನಟ್ಟನಡುವೆ ದೊಡ್ಡ ಕುರ್ಚಿ, ಕೊರಳಿಗೆ ಹಾರ. ಈ ಸಲ, ಅಂದರೆ ಮೂವತ್ತಾರನೆಯ ಇಸವಿಯಲ್ಲಿ, ವಿಭಾಗಕ್ಕೆ ಹೊಸ ಉಮೇದು ಬಂದಿತ್ತು. ಮುಂದಿನ ವರ್ಷ ಚುನಾವಣೆ. ಜನಕ್ಕೆ ವೋಟು ಹಾಕುವುದು ರೂಢಿಯಾಗಬೇಕು. ಆದ್ದರಿಂದ ಐತವಾರದ ಸಭೆಗೆ ಅಧ್ಯಕ್ಷರನ್ನು ಊರೇ ವೋಟು ಹಾಕಿ ಆರಿಸಲಿ ಎಂದು ಅಪ್ಪಣೆಯಾಯಿತು.

ಸಭೆಯ ಏರ್ಪಾಡು ಮಧುಕೇಶ್ವರ ಮಾಸ್ತರರದು. ಅವರು ಎರಡು ಹೆಸರು ಸೂಚಿಸಿದರು. ಒಂದು ಬಸ್ಸಿನ ಮಾಲೀಕ ಬಷೀರ್, ಇನ್ನೊಂದು ದಾಸನಕೊಪ್ಪದ ಜಮೀನುದಾರ ಹೊನ್ನ. “ಇಬ್ಬರೂ ಅನುಭವಸ್ಥರು,” ಎಂದರು. ಮಾಸ್ತರರು ಕೊಟ್ಟ ಮರ್ಯಾದೆಗೆ ಒಲ್ಲೆ ಎನ್ನುವುದುಂಟೆ? ಇಬ್ಬರೂ ಕೈಮುಗಿದು ಒಪ್ಪಿದರು. ಚಿಕ್ಕಂದಿನಿಂದ ಒಬ್ಬರ ಬುತ್ತಿ ಒಬ್ಬರು ಉಂಡು ಬೆಳೆದವರು, ಹೊರಗೆ ಬಂದದ್ದೇ ಹಾವು ಮುಂಗುಸಿಯಾದರು.

ಬಷೀರನಿಗೆ ಹೋದ ವರ್ಷದ ಸಂಕಟ ಇನ್ನೂ ಆರಿರಲಿಲ್ಲ. ಈ ಕುರ್ಚಿಯ ದೆಸೆಯಿಂದಲೇ ಅವನು ಬಸ್ಸು ಹೊರಡಿಸದೆ, ಯಾರಿಗೂ ಮುಖ ತೋರಿಸದೆ, ಮನೆಯೊಳಗೆ ಬೋರಲು ಬಿದ್ದುಕೊಂಡಿದ್ದ. ಹೆಂಡತಿ ಜುಬೇದಾ ಎಣ್ಣೆ ಕಾಸಿ ತರುತ್ತ, ನಿಟ್ಟುಸಿರು ಬಿಡುತ್ತ ಅವನ ಸೇವೆ ಮಾಡಿದ್ದಳು.

“ಈ ಸಲವೂ ಹಂಗೇ ಆದ್ರೆ ನಾನು ಯಲ್ಲಾಪುರಕ್ಕೆ, ತವರಿಗೆ ಹೋಗಿಬಿಡ್ತೀನಿ ನೋಡ್ರಿ,” ಎಂದಳು ಈಗ.

“ಪ್ರಾಣ ಹೋದ್ರೂ ಹಂಗಾಗಾಕೆ ಬಿಡೂದಿಲ್ಲ,” ಎಂದ ಬಷೀರ್. ಅವಳ ಕಣ್ಣಲ್ಲಿ ನೀರು ಕಂಡು ಅವಳ ತಲೆ ಮುಟ್ಟಿ ಆಣೆಯಿಟ್ಟ.

ಬೆಲ್ಲಕ್ಕೆ ಚಹಾ ಎದುರು ನಿಂತಿತು. ಸಂತೆಯ ದಿನ ಬಷೀರ್ ಬನವಾಸಿಯ ಕಡೆಯ ಜನರಿಗೆಲ್ಲ ಚಹಾ ಕುಡಿಸಿ, ಬಿಟ್ಟಿಯಾಗಿ ಬಸ್ಸು ಹತ್ತಿಸಿಕೊಂಡ. ಏರು ಬಂದಲ್ಲೆಲ್ಲ ಬಸ್ಸು ನಿಧಾನವಾಗುವುದು, ಆಗ ಹಿಂದಿರುಗಿ ನೋಡುವನು.

“ವೋಟು ನಿಮ್ಮ ಹಕ್ಕು. ನಾನು ಹೇಳೂದು ಚಂದ ಅಲ್ಲ. ಆದ್ರೂ ನಮ್ಮ ಹೊನ್ನಣ್ಣನಂಥ ತೂಕದ ಮನುಷ್ಯ ಎಲ್ಲಿ ಸಿಗ್ತಾನ್ರಿ?”

“ಅಬ್ಬಬ್ಬಾ, ಎಂಥ ದೊಡ್ಡ ಮನಸ್ಸು!” ಎಂದು ಜನ ಕರಗಿದರು. “ಎದುರಾಳಿಯನ್ನೇ ಹೊಗಳ್ತಾರಲ್ಲ!”

ಬಷೀರ್ ಬೆವರಿದ. “ಹಂಗನ್ನಬ್ಯಾಡ್ರಿ. ನಾನೆಂತ ದೊಡ್ಡವ? ಚಿಲ್ಲರೆ ಮನುಷ್ಯ!”

“ಇದೇ ರಾಜಕಾರಣ,” ಎಂದು ಮಧುಕೇಶ್ವರ ಮಾಸ್ತರರು ಪೇಟೆಯಲ್ಲಿ ವಿವರಿಸಿದರು. “ಬೈದವನು ಸಣ್ಣವನಾಗ್ತಾನೆ, ಹೊಗಳಿದವನು ದೊಡ್ಡವನಾಗ್ತಾನೆ. ಇಬ್ಬರೂ ಗುಟ್ಟು ಹಿಡಿದಿದ್ದಾರೆ, ಭಲೆ!”

ಶನಿವಾರ ಚಹದಂಗಡಿಯಲ್ಲಿ ಎದುರಾಳಿಗಳು ಮುಖಾಮುಖಿಯಾದರು.

“ನಿನ್ನಂಥ ಯೋಗ್ಯ ಇಲ್ಲ,” ಎಂದ ಹೊನ್ನ, ಹಲ್ಲು ಕಚ್ಚಿಕೊಂಡು.

“ಯೋಗ್ಯ ನೀನು! ನಿಮ್ಮಪ್ಪ ಯೋಗ್ಯ!” ಎಂದು ಬಷೀರ್ ತೋಳೇರಿಸಿದ.

“ನಮ್ಮಪ್ಪನ್ನ ಹೊಗಳಿದ್ರೆ ಹುಷಾರ್!”

ಅಂಗಡಿಯ ಕಲ್ಲಯ್ಯ ನಡುವೆ ಬೀಳದಿದ್ದರೆ ಕೈಕೈ ಮಿಲಾಯಿಸುತ್ತಿದ್ದರು.

ಐತವಾರ ಬಂತು. ಅರ್ಧ ತಾಲೂಕೇ ಸಭೆಗೆ ನುಗ್ಗಿತ್ತು. ಎರಡು ಮಡಕೆ, ತಲೆಗೊಂದು ಹುಣಿಸೆಬೀಜ. ವೋಟು ಮುಗಿದು ಮಡಕೆ ಬೋರಲಾಗುವಾಗ ಬಷೀರನ ತುಟಿ ಪ್ರಾರ್ಥನೆಯಲ್ಲಿ ಪಿಟಿಪಿಟಿ ಅಲ್ಲಾಡುತ್ತಿತ್ತು. ಅವನ ಮಡಕೆಯಿಂದ ಬಿದ್ದದ್ದು ಒಂದು ಹಿಡಿ ಬೀಜ. ಹೊನ್ನನ ಮಡಕೆಯಿಂದ ಗುಡ್ಡೆ.

“ಹೊನ್ನಪ್ಪನವರು ಅಧ್ಯಕ್ಷರು!” ಎಂದು ಪ್ರೊಫೆಸರರು ಸಾರಿದರು.

ಜುಬೇದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದ ಹೊನ್ನ ತಲೆಯ ಮೇಲೆ ಕೈ ಹೊತ್ತು ಕುಸಿದ. ಸೋತ ಬಷೀರ್ ಅವನನ್ನು ತಬ್ಬಿ, ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಸಭೆಯ ನಡುವೆಯೇ ಕುಣಿದುಬಿಟ್ಟ.

“ನಗಪ್ಪಾ, ನಗು,” ಎಂದ ಹೊನ್ನ ಅಳುಮೋರೆಯಲ್ಲಿ. “ಹೋದ ವರ್ಷ ನೀ ಆ ಕುರ್ಚೀಲಿ ಕೂತಾಗ ನಾನೂ ನಕ್ಕಿದ್ದೆ.”

ನಗದೇ ಏನು! ಹೋದ ವರ್ಷ ಅಧ್ಯಕ್ಷ ಬಷೀರ್ ಮಧ್ಯಾಹ್ನ ಕೂತವನು ಲಾಟೀನು ಹಚ್ಚಿದ ಮೇಲೆ ಎದ್ದಿದ್ದ. ಇದೇ ಪ್ರೊಫೆಸರರು, ಇದೇ ಚರಂಡಿ ತೆರಿಗೆಯ ವಿಷಯ. ಸಭಿಕರಾದರೆ ಬೀಡಿ ಸೇದುವ ನೆವದಲ್ಲಿ ಜಾರಿಕೊಳ್ಳಬಹುದು, ಕಂಬಕ್ಕೊರಗಿ ಗೊರಕೆ ಹೊಡೆಯಬಹುದು. ಊರೆಲ್ಲ ನೋಡುತ್ತಿರುವಾಗ ಅಧ್ಯಕ್ಷನಿಗೆ ಆಕಳಿಕೆಯೂ ಇಲ್ಲ, ಎಲೆಯಡಿಕೆಯೂ ಇಲ್ಲ. ಬೆನ್ನು ಹಿಡಿದುಕೊಂಡ ಅವನನ್ನು ನಾಲ್ವರು ಮನೆಗೆ ಹೊತ್ತು ತಂದಿದ್ದರು.

ಬಷೀರ್ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಂತೆ ಪ್ರೊಫೆಸರರು ವಿಭಾಗದ ಮುಂದಿನ ಕಾರ್ಯಕ್ರಮಗಳನ್ನು ಸಾರತೊಡಗಿದರು. ಬರುವ ಐತವಾರ ಸಿದ್ದಾಪುರ, ಅದರಾಚೆಯ ಐತವಾರ ಯಲ್ಲಾಪುರ, ಆಮೇಲೆ ಬನವಾಸಿ; ಜನ ಆರಿಸಿದ ಅಧ್ಯಕ್ಷರೇ ಎಲ್ಲ ಕಡೆಯೂ ಕೂರತಕ್ಕದ್ದು. ಹೊನ್ನ “ಅಯ್ಯಯ್ಯೋ” ಎಂದ. ಬಷೀರ್ ಹೊಟ್ಟೆ ಹಿಡಿದು ನಗುತ್ತ ಬಾಗಿಲು ದಾಟಿದ.

“ನಿಲ್ಲಿ ಬಷೀರ್ ಸಾಹೇಬರೇ, ಎಲ್ಲಿಗೆ?” ಎಂದರು ಪ್ರೊಫೆಸರರು ಅಕ್ಕರೆಯಿಂದ. “ಸೋತವರು ವಿರೋಧ ಪಕ್ಷ, ನಾಲ್ಕೂ ಊರಲ್ಲಿ ನಿಮಗೂ ವೇದಿಕೆಯ ಮೇಲೆ ಕುರ್ಚಿ ಉಂಟು, ಮೇಲಾಗಿ ಕೊನೆಗೆ ಉತ್ತರ ಹೇಳಬೇಕಾದವರು ನೀವು, ಒಂದು ಮಾತೂ ಬಿಡದೆ ಕೇಳಬೇಕು!”