ಸದ್ದು ಮಾಡದ ಕೋಲು

"ಮೈಯಲ್ಲಿ ಕಬ್ಬಿಣ ಏನಾದ್ರೂ ಇದೆಯಾ ಯಜಮಾನ್ರೇ?" ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿದ್ದ ತಂತ್ರಜ್ಞ ಕೇಳಿದ.

"ನೀವೇ ತುಂಬಿದ್ದೀರಲ್ಲಪ್ಪ, ನಿನ್ನೆ! ಅಷ್ಟು ಬೇಗ ಮರೆತುಹೋಯ್ತಾ?" ಎಂದರು ತಪಾಸಣೆ ಸಾಹೇಬರು.

ಇಪ್ಪತ್ತೆರಡು ವರ್ಷ ವಿಮಾನ ನಿಲ್ದಾಣದಲ್ಲಿ ಕಂಡವರ ಚೀಲವನ್ನೆಲ್ಲ ಜಾಲಾಡಿ ಸಂಪಾದಿಸಿದ ಹೆಸರು ಅದು. ಸ್ವಂತ ಬೀಗರ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿದ ಮನುಷ್ಯ ಸೂಜಿಯಲ್ಲಿ ಬಂದ ಕಂದು ನೀರನ್ನು ನಂಬುತ್ತಾರೆಯೇ? ಅದರಲ್ಲಿ ಕಣ್ಣಿಗೆ ಕಾಣದ ಕಬ್ಬಿಣದ ನ್ಯಾನೋ ಕಣಗಳಿವೆಯಂತೆ. ಕ್ಯಾನ್ಸರ್ ಎಲ್ಲಿದೆಯೋ ಅಲ್ಲಿಗೇ ಹೋಗಿ ಕೂತು, ಸ್ಕ್ಯಾನಿಂಗ್‌ನಲ್ಲಿ ಕಪ್ಪಗೆ ಕಾಣುತ್ತವಂತೆ. ಮೂತ್ರಪಿಂಡದ ಗೆಡ್ಡೆಯೊಂದರಲ್ಲೇ ಕೂತಿದ್ದರೆ, ನಾಳೆ ಹೊರಗಿನಿಂದಲೇ ಅವನ್ನು ಕಾಯಿಸಿ ಗೆಡ್ಡೆಯನ್ನು ಸುಟ್ಟುಬಿಡುತ್ತಾರಂತೆ. ಬೇರೆ ಕಡೆಯೂ ಕೂತಿದ್ದರೆ ರೋಗ ಹರಡಿದೆಯೆಂದರ್ಥ, ಆಗ ಸುಡುವ ಮಾತೇ ಇಲ್ಲವಂತೆ.

"ಹುಡುಕೋದೂ ಈ ಕಣಾನೇ, ಹೊಡೆಯೋದೂ ಈ ಕಣಾನೇ! ನಮ್ಮಲ್ಲಿ ಅದಕ್ಕೆ ಇಬ್ಬರು ಬೇಕಾಗಿತ್ತು" ಎಂದು ಜೊತೆಗೆ ಬಂದಿದ್ದ ಮಗಳ ಮುಂದೆ ಮೂಗು ಮುರಿದಿದ್ದರು.

ತಂತ್ರಜ್ಞ ಲೋಹ ಪತ್ತೆ ಮಾಡುವ ಕೋಲನ್ನು ಅವರ ತಲೆಯಿಂದ ಕಾಲಿನವರೆಗೆ ಆಡಿಸಿದ. ಕೋಲು ತುಟಿಪಿಟಕ್ಕೆನ್ನಲಿಲ್ಲ. ಸಾಹೇಬರು ತಾವೇ ಅದನ್ನು ಕಿತ್ತುಕೊಂಡು, ಗೆಡ್ಡೆಯಿದ್ದ ಎಡಗಡೆ ಇನ್ನೊಮ್ಮೆ ಆಡಿಸಿದರು. ಊಹೂಂ.

"ನೋಡಿದ್ಯಾ ಮಗಳೇ? ಬೀಗದ ಕೈ ಕಂಡ್ರೂ ಬೊಬ್ಬೆ ಹೊಡೆಯೋ ಕೋಲಿದು. ಒಳಗೆ ಕಬ್ಬಿಣ ಇದ್ದಿದ್ರೆ ಸುಮ್ಮನಿರ್ತಿತ್ತಾ? ಬರೀ ಬಣ್ಣದ ನೀರು ಚುಚ್ಚಿದ್ದಾರೆ!"

"ಅಷ್ಟು ಸಣ್ಣ ಕಣ ಅದಕ್ಕೆ ಸಿಗಲ್ವಂತೆ. ಹೋಗಿ ಮಲಗಪ್ಪ, ದಮ್ಮಯ್ಯ" ಎಂದಳು ಮಗಳು. ಅವಳಿಗೆ ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ.

ಸಂಜೆ ಡಾಕ್ಟರಮ್ಮ ಪರದೆಯನ್ನು ಅವರತ್ತ ತಿರುಗಿಸಿದರು. "ನೋಡಿ, ಗೆಡ್ಡೆ ಪೂರ್ತಿ ಕಪ್ಪಗಾಗಿದೆ. ಕಣಗಳು ಸರಿಯಾದ ಜಾಗಕ್ಕೇ ಹೋಗಿವೆ."

"ಇದು ನನ್ನ ಚಿತ್ರಾನೇ ಅನ್ನೋದಕ್ಕೆ ಏನು ಗ್ಯಾರಂಟಿ?"

"ನಿಮ್ಮ ಬೆನ್ನುಮೂಳೆ ನೀವೇ ನೋಡ್ಕೊಳ್ಳಿ."

ಹೌದು, ಕಳ್ಳನೊಬ್ಬನ ಹಿಂದೆ ಓಡಿ ಮೆಟ್ಟಿಲಿನಿಂದ ಬಿದ್ದಾಗ ಕುಸಿದಿದ್ದ ಮೂಳೆ ಅಲ್ಲೇ ಇತ್ತು. ಸಾಹೇಬರಿಗೆ ಒಪ್ಪದೆ ವಿಧಿಯಿರಲಿಲ್ಲ. ಆದರೆ ಒಂದು ಸಿಕ್ಕಿತೆಂದು ಬಿಡದೆ ಚೀಲವನ್ನು ಕೊನೆತನಕ ನೋಡುವ ಕಣ್ಣು ಅವರದು. ಕುಸಿದ ಮೂಳೆಯ ಕೆಳಗೆ ಸಾಸಿವೆಯಷ್ಟು ಸಣ್ಣ ಎರಡು ಕಪ್ಪು ಚುಕ್ಕೆಗಳಿದ್ದವು.

"ಇದೇನು ಡಾಕ್ಟ್ರೇ?"

ಡಾಕ್ಟರಮ್ಮ ಬಗ್ಗಿ ನೋಡಿದರು. ಚಿತ್ರವನ್ನು ದೊಡ್ಡದು ಮಾಡಿ ಮತ್ತೆ ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು. ಚೀಲದೊಳಗೆ ಏನಿದೆಯೆಂದು ಗೊತ್ತಿದ್ದವರ ಮುಖ ಹೇಗಿರುತ್ತದೆಂದು ಸಾಹೇಬರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಮಗಳ ಕೈ ಹುಡುಕಿ ಹಿಡಿದುಕೊಂಡರು.

"ಆ ಕೋಲು ಸದ್ದು ಮಾಡಲಿಲ್ಲ ಅಲ್ವಾ ಮಗಳೇ? ನೀನೂ ನೋಡಿದೆಯಲ್ಲ, ಹೇಳು ಡಾಕ್ಟ್ರಿಗೆ... ಒಳಗೆ ಏನೂ ಇಲ್ಲ ಅಂತ."