ತಾತ ಕಟ್ಟಿದ ಇಂಗ್ಲಿಷ್ ಮನೆ

ಸೀಡರ್ ಹಲಗೆ ಕೊಯ್ಯುವ ವಾಸನೆ ಬಂದರೆ ಈಗಲೂ ನನಗೆ ಹೊರದೇಶದಲ್ಲಿ, ಎಟೋಬಿಕೋದಲ್ಲಿದ್ದ ನಮ್ಮ ಗರಾಜು ನೆನಪಾಗುತ್ತದೆ.

ಶಾಲೆಗೆ ಹಳೆಯ ಇಂಗ್ಲಿಷ್ ಪೇಟೆಮನೆಯೊಂದರ ಮಾದರಿ ಮಾಡಬೇಕಿತ್ತು. ಕೊಟ್ಟ ಚಿತ್ರದಲ್ಲಿ ಬಿಳಿ ಗೋಡೆ, ಅದರ ಮೇಲೆ ಕಪ್ಪು ಪಟ್ಟಿಗಳು. ನಾನು ಶೂ ಡಬ್ಬಿಗೆ ಕಪ್ಪು ಕಡ್ಡಿ ಅಂಟಿಸಲು ಹೊರಟಿದ್ದೆ. ಮೈಸೂರಿನಿಂದ ಬಂದಿದ್ದ ತಾತ ತಡೆದರು. ಅವರು ಜೀವನವಿಡೀ ಬಡಗಿಯಾಗಿದ್ದವರು.

"ಇದು ಅಲಂಕಾರ ಅಲ್ಲಮ್ಮ. ಈ ಮರಾನೇ ಮನೆ ಹೊತ್ಕೊಂಡಿರೋದು. ಗೋಡೆ ಆಮೇಲೆ ತುಂಬೋದು."

ಮಧ್ಯಾಹ್ನವೆಲ್ಲ ಗರಾಜಿನಲ್ಲಿ ಕೂತು, ಸೀಡರ್ ಹಲಗೆ ಕೊಯ್ದು, ಬೆರಳುದ್ದದ ಕಂಬ, ತೊಲೆಗಳನ್ನು ಕೊರೆದು, ಮೊಳೆಯಿಲ್ಲದೆ, ಮರದ ಗೂಟ ಹೊಡೆದೇ ಜೋಡಿಸಿದರು. ಬಾಗಿಲ ಚೌಕಟ್ಟು ನಿಲ್ಲಿಸುವ ಮುಂಚೆ ಅಮ್ಮನಿಂದ ಅರಿಶಿನ ಕುಂಕುಮ ತರಿಸಿ ಅದಕ್ಕೆ ಹಚ್ಚಿದರು.

"ಬಾಗಿಲಿಗೆ ಪೂಜೆ ಮಾಡ್ದೆ ನಾನು ಯಾವ ಮನೇನೂ ನಿಲ್ಸಿಲ್ಲ."

ಮರುದಿನ ಸ್ಕೂಲ್ ಬಸ್ಸಿನಲ್ಲಿ ಬೇರೆ ಮಕ್ಕಳು ನೋಡುತ್ತಾರೆಂದು ನಾಚಿಕೆಯಾಗಿ, ಆ ಅರಿಶಿನ ಕುಂಕುಮವನ್ನೆಲ್ಲ ನನ್ನ ಬಿಳಿ ಅಂಗಿಯ ತೋಳಿನಿಂದ ಉಜ್ಜಿ ಒರೆಸಿಬಿಟ್ಟೆ. ಕ್ಲಾಸಿನಲ್ಲಿ ಟೀಚರ್ ಒಂದೇ ಮೂಲೆ ಹಿಡಿದು ಎತ್ತಿದರೂ ಮನೆ ಅಲುಗಲಿಲ್ಲ.

ಸಂಜೆ ತಾತ ಬಾಗಿಲಲ್ಲೇ ಕಾಯುತ್ತಿದ್ದರು. "ಟೀಚರ್ ಏನಂದ್ರು?"

"ವೆರಿ ಸ್ಟ್ರಾಂಗ್ ಅಂದ್ರು."

"ಮತ್ತೆ? ಪೂಜೆ ಮಾಡಿದ್ವಲ್ಲ," ಎನ್ನುತ್ತ ತಾತ, ಹಳದಿಯಾಗಿದ್ದ ನನ್ನ ಅಂಗಿಯ ತೋಳನ್ನು ಅಮ್ಮನಿಗೆ ಕಾಣದಂತೆ ಮೆಲ್ಲಗೆ ಮಡಿಸಿದರು.